ಪೆಂಬಾದಲ್ಲಿ ಅಜ್ಜಿ ಕಾಯಿ ತುರಿದದ್ದು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ನಾವು ನೆಲೆಸಿದ್ದ ಚಳಿದೇಶದ ವಿಟ್ಬಿಯಲ್ಲಿ ನಮ್ಮ ಬೀದಿಯ ಮಕ್ಕಳು ಸರೋವರದ ದಡದ ಕಾಟೇಜಿಗೆ ಹೋಗುತ್ತಿದ್ದರು. ನಾನು ಮಾತ್ರ ಒಂದು ಬೇಸಿಗೆಯನ್ನು ನಲ್ಲಿ ಇದ್ದೂ ನೀರು ಬಾರದ ಹೋಟೆಲಿನಲ್ಲಿ ಕಳೆದೆ.

ಅಪ್ಪನ ಕಂಪನಿ ಜಾಂಜಿಬಾರಿನ ಆಚೆಗಿನ ಪೆಂಬಾ ದ್ವೀಪದಲ್ಲಿ ಒಂದು ಆಸ್ಪತ್ರೆಗೆ ಸೋಲಾರ್ ಹಾಕುತ್ತಿತ್ತು. ರಜೆಯೆಂದು ಅಮ್ಮ, ನಾನು, ಅಜ್ಜಿ ಜೊತೆಗೆ ಹೊರಟೆವು. ಅಜ್ಜಿ ಅಪ್ಪನ ಅಮ್ಮ. ಹಿಂದಿನ ಚಳಿಗಾಲದಲ್ಲಷ್ಟೇ ಉಡುಪಿ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದರು. ಬಂದಾಗಿನಿಂದ ಅವರ ಮಾತು ಕಡಿಮೆ, ಊಟ ಇನ್ನೂ ಕಡಿಮೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರೂ ಏನೂ ಸಿಕ್ಕಿರಲಿಲ್ಲ.

ಹೋಟೆಲೆಂದರೆ ತಗಡಿನ ಮಾಡು, ತೂತುಬಿದ್ದ ಸೊಳ್ಳೆಪರದೆ, ಸ್ನಾನಕ್ಕೆ ಒಂದು ಬಕೆಟ್ ನೀರು. ಕರೆಂಟು ಸಂಜೆ ಮಾತ್ರ. ಎದುರಿನ ರಸ್ತೆಯ ಅಂಚಿನಲ್ಲಿ ಚಾಪೆ ಹಾಸಿ ಲವಂಗ ಒಣಗಿಸುತ್ತಿದ್ದರು. ಅದರ ಘಾಟು ದಿಂಬಿಗೂ ಹತ್ತಿಕೊಂಡಿತ್ತು. ಅಮ್ಮ ಮೊದಲ ದಿನವೇ ತಲೆಮೇಲೆ ಕೈ ಹೊತ್ತು ಕೂತಳು. ನನಗೋ ಖುಷಿಯೋ ಖುಷಿ. ಹೋಟೆಲಿನ ಒಡತಿ ಜುಹುರಾ ಅವರ ಮಗಳು ನನ್ನ ಓರಗೆಯವಳು. ಇಬ್ಬರೂ ಬಿಸಿ ಮಂಡಾಜಿ ತಿನ್ನುತ್ತಾ, ಕಡಲಿನ ಇಳಿತದ ಹೊತ್ತಿಗೆ ಕೆಸರಿನಲ್ಲಿ ಏಡಿ ಅಟ್ಟಿಸುತ್ತಾ ದಿನ ಕಳೆಯುತ್ತಿದ್ದೆವು. ಮಂಡಾಜಿ ಅಂದರೆ ಎಣ್ಣೆಯಲ್ಲಿ ಕರಿದ, ನಮ್ಮ ಬನ್ಸಿನ ತಂಗಿ.

ಒಂದು ಬೆಳಿಗ್ಗೆ ಅಜ್ಜಿ ಕೋಣೆಯಲ್ಲಿ ಇರಲಿಲ್ಲ. ಗಾಬರಿಯಿಂದ ಹುಡುಕಿದರೆ ಹಿತ್ತಲಿನ ಅಡಿಗೆಮನೆಯಲ್ಲಿ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಊರಿನದೇ ಥರದ ತುರಿಮಣೆ. ಅಲ್ಲಿಯವರು ಅದನ್ನು ತಮ್ಮ ಮಾತಿನಲ್ಲಿ ಆಡು, ಅಂದರೆ ಮೇಕೆ, ಎಂದು ಕರೆಯುತ್ತಿದ್ದರು. ಜುಹುರಾ ಸ್ವಾಹಿಲಿಯಲ್ಲಿ, ಅಜ್ಜಿ ತುಳುವಿನಲ್ಲಿ ಮಾತಾಡುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಮರುದಿನದಿಂದ ಅಜ್ಜಿ ನಮಗಿಂತ ಮೊದಲೇ ಎದ್ದು ಅಲ್ಲಿಗೆ ನಡೆದರು. ಕಾಯಿಹಾಲಿನ ಬೀನ್ಸ್ ಸಾರಿಗೆ ಮೆಣಸು ಸಾಲದೆಂದು ಜಗಳವಾಡಿದರು. ಹೊಟ್ಟೆತುಂಬ ಉಂಡರು.

ಅಪ್ಪನ ಕೆಲಸ ಮುಗಿಯಿತು. ಹೊರಡುವ ಹಿಂದಿನ ಸಂಜೆ ಅಜ್ಜಿ ತಾನು ಬರುವುದಿಲ್ಲ ಎಂದುಬಿಟ್ಟರು. ಅಪ್ಪ ತಮಾಷೆಯೆಂದುಕೊಂಡು ನಕ್ಕರು. ಅಜ್ಜಿ ನಗಲಿಲ್ಲ.

"ಇಲ್ಲಿ ನಿಂಗೆ ಯಾರಿದ್ದಾರೆ ಅಮ್ಮ?"

"ಯಾರೂ ಇಲ್ಲ ಮಾರಾಯ. ಆದ್ರೆ ಬೆಳಿಗ್ಗೆ ಎದ್ರೆ ನಂಗೊಂದು ಕೆಲಸ ಉಂಟು. ನಿನ್ನ ಮನೆಯಲ್ಲಿ ನಾನು ನೆಂಟರ ಹಾಗೆ ಕೂತ್ಕೊಂಡೇ ಇರುದು."

ಅಪ್ಪ ಅಮ್ಮನ ಮುಖ ನೋಡಿದರು. ವಿಟ್ಬಿಯಲ್ಲಿ ಅಜ್ಜಿಯ ಒಗ್ಗರಣೆಗೆ ಒಮ್ಮೆ ಸ್ಮೋಕ್ ಅಲಾರಂ ಹೊಡೆದುಕೊಂಡಿತ್ತು. ಅಂದಿನಿಂದ ಅಮ್ಮ ಅವರನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಇಷ್ಟು ವರ್ಷ ದುಡಿದಿದ್ದಾರೆ, ಇನ್ನು ಆರಾಮಾಗಿರಲಿ ಎಂಬುದು ಅವಳ ಲೆಕ್ಕ. ಈಗ ಅವಳ ಕಣ್ಣು ತುಂಬಿತ್ತು.

"ಮನೆಗೆ ಹೋಗುವ, ಅತ್ತೆ. ಅಡಿಗೆಮನೆ ನಿಮ್ದೇ. ಅಲಾರಂ ಹೊಡ್ಕೊಂಡ್ರೆ ಹೊಡ್ಕೊಳ್ಲಿ."

ಅಜ್ಜಿ ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿ ಎದ್ದರು. ಆಮೇಲೆ ನನ್ನನ್ನು ಕರೆದು ಚೀಲ ಎಳೆದುಕೊಡಲು ಹೇಳಿದರು. ಮರುದಿನ ದೋಣಿಕಟ್ಟೆಯಲ್ಲಿ ಜುಹುರಾ ಅಜ್ಜಿಯ ಎರಡೂ ಕೈ ಹಿಡಿದು ನಿಂತರು.

ಅಮ್ಮ ಮಾತು ಉಳಿಸಿಕೊಂಡಳು. ಭಾನುವಾರ ಬಂತೆಂದರೆ ದೂರದ ಓಕ್‌ವಿಲ್‌ನ ಸ್ನೇಹಿತರೆಲ್ಲ ಅಜ್ಜಿಯ ನೀರುದೋಸೆಗೆ ನಮ್ಮಲ್ಲಿರುತ್ತಿದ್ದರು. ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿಯರು ಅಜ್ಜಿಯನ್ನು ತಮ್ಮವರೇ ಎಂಬಂತೆ ಹಚ್ಚಿಕೊಂಡರು. ಅಜ್ಜಿ ಎಲ್ಲರಿಗೂ ಬಡಿಸಿದರು, ಎಲ್ಲರನ್ನೂ ತುಳುವಿನಲ್ಲೇ ಗದರಿದರು.

ಅಜ್ಜಿ ತೀರಿಹೋಗಿ ಈಗ ಕೆಲವು ಚಳಿಗಾಲಗಳಾದವು. ನನ್ನ ಮಗಳಿಗೆ ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲೀಗ ಯಾರ ತಪ್ಪಿಗೂ ಇಂಗ್ಲಿಷಿನ ಒಂದು "ಸಾರಿ" ಸಾಕು. ನನ್ನನ್ನು ತುಳುವಿನಲ್ಲಿ ಬೈಯುವವರು ಯಾರೂ ಉಳಿದಿಲ್ಲ.