ಉಸಿರಾಡುವಷ್ಟು

ದೆಹಲಿ ಬಳಿಯ ಮಾನೇಸರ್‌ನ ಕಾರ್ಖಾನೆಗಳಿಗೆ ಕಾವಲುಗಾರರನ್ನು ಒದಗಿಸುತ್ತಿದ್ದ ಆ ಕೊಡಗಿನ ಸುಬೇದಾರರು, ಸೈನ್ಯದಿಂದ ನಿವೃತ್ತರಾದ ಮೇಲೂ ಕುರ್ಚಿಗೆ ಬೆನ್ನು ತಾಗಿಸಿ ಕೂತದ್ದನ್ನು ನಾನು ಕಂಡೇ ಇಲ್ಲ. ಕಂಪನಿಯ ಇಮೇಲ್‌ಗಳಲ್ಲಿ ಹೆಸರಿನ ಪಕ್ಕ ಕಾಣುವ ಅವರ ಪುಟ್ಟ ಫೋಟೊ ಸ್ವಲ್ಪ ಅಲ್ಲಾಡುವಂತೆ ಮಾಡಿಕೊಡಲು, ಆನಿಮೇಷನ್ ಕೆಲಸ ಮಾಡುವ ನನ್ನನ್ನು ಕರೆಸಿದ್ದರು.

ಮೊದಲು ಮುಖ ನಗುವಂತೆ ಮಾಡಿದೆ. "ಅಚ್ಛಾ, ಚೆನ್ನಾಗಿದೆ. ಇನ್ನೂ ಸ್ವಲ್ಪ ಕಮ್ಮಿ ಮಾಡಮ್ಮ," ಎಂದರು. ನಗು ತೆಗೆದು ತಲೆಯಾಡಿಸುವಂತೆ ಮಾಡಿದೆ. "ಇನ್ನೂ ಸ್ವಲ್ಪ ಕಮ್ಮಿ." ಬರೀ ಕಣ್ಣು ಮಿಟುಕಿಸುವಂತೆ ಮಾಡಿದೆ. ಅದಕ್ಕೂ ಅದೇ ಮಾತು.

ನನಗೆ ರೇಗಿತು. "ಮತ್ತೇನು ಅಲ್ಲಾಡ್ಬೇಕು ಸರ್?"

ಅವರು ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು. ಅದು ಕಂಡೂ ಕಾಣದಷ್ಟು ಏರಿ ಇಳಿಯಿತು.

"ಉಸಿರಾಡೋವಷ್ಟು ಸಾಕು. ಒಂದ್ಸಲ ಬೆಟ್ಟದ ಮೇಲೆ ನನ್ನ ಜೊತೆಯವನಿಗೆ ಗುಂಡು ತಾಗಿತ್ತು. ಅವನ ಎದೇನೇ ನೋಡ್ತಾ ಕೂತಿದ್ದೆ. ಕೆಳಗಿನಿಂದ ವೈರ್‌ಲೆಸ್‌ನಲ್ಲಿ ಕೇಳ್ತಾನೇ ಇದ್ರು. ಇದ್ದಾನೆ, ಇದ್ದಾನೆ ಅಂತಿದ್ದೆ."

"ಆಮೇಲೆ?"

"ಹೆಲಿಕಾಪ್ಟರ್ ಬರೋ ಹೊತ್ತಿಗೆ ನಾನು ಹಾಗನ್ನೋದು ನಿಲ್ಸಿದ್ದೆ."

ಮರುವಾರ ಹೊಸ ಚಿತ್ರ ಒಯ್ದೆ. ಮುಖ ನಿಶ್ಚಲವಾಗಿತ್ತು. ಕೋಟಿನ ಅಂಚು ಮಾತ್ರ ಎದೆಯ ಜೊತೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಸುಬೇದಾರರು ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದರು. ಕಮ್ಮಿ ಮಾಡು ಎಂಬ ಮಾತು ಬರಲಿಲ್ಲ. ತಮ್ಮದೇ ಫೋಟೊವನ್ನು ಬಹಳ ಹೊತ್ತು ನೋಡಿ, ಯಾರಿಗೋ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು:

"ಇದ್ದಾನೆ."