ಒಂದೇ ಪರಾತದ ಬೆಕ್ಕುಗಳು

ಸಂತೇಬೆನ್ನೂರಿನ ರುದ್ರಾಣಿಗೆ ಮಕ್ಕಳಾಗಲಿಲ್ಲ. ಅದನ್ನು ಎರಡು ಹೊತ್ತೂ ನೆನಪಿಸುವ ಕೆಲಸವನ್ನು ಅತ್ತೆ ಉಡಚಮ್ಮ ಯಾರೂ ಹೇಳದಿದ್ದರೂ ತಲೆ ಮೇಲೆ ಹೊತ್ತುಕೊಂಡಿದ್ದಳು. ಮೊದಲು ಗಂಡಸರ ಊಟ, ಆಮೇಲೆ ಮಕ್ಕಳನ್ನು ಹೆತ್ತ ಸೊಸೆಯರದು, ಎಲ್ಲರೂ ಎದ್ದ ಮೇಲೆ ಒಲೆಯ ಮೂಲೆಯಲ್ಲಿ ರುದ್ರಾಣಿಯದು. ಅವಳ ತಟ್ಟೆ ಬೇರೆ, ಲೋಟ ಬೇರೆ. ಬಾಣಂತಿ ಕೋಣೆಯ ಹತ್ತಿರ ಅವಳು ಸುಳಿಯುವಂತಿರಲಿಲ್ಲ. ಇದೇ ಮನೆಯವರು ಮಠದಲ್ಲಿ ಕೂತು, ಪಂಕ್ತಿಭೇದ ಮಹಾಪಾಪ ಎಂಬ ಪ್ರವಚನ ಕೇಳಿ ತಲೆದೂಗಿ ಬರುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಗಂಡ ಜಯದೇವಪ್ಪ ಕೆಟ್ಟವನಲ್ಲ. ಮೆಕ್ಕೆಜೋಳ, ಅಡಿಕೆ ವ್ಯಾಪಾರದಲ್ಲಿ ಇಡೀ ಸಂತೆಯನ್ನೇ ಬಾಯಲ್ಲಿ ಗೆದ್ದು ಬರುವವನಿಗೆ ಅವ್ವನ ಮುಂದೆ ಮಾತ್ರ ಬಾಯಿಗೆ ಬೀಗ. ಅವನ ಗೋಡೌನಿನಲ್ಲಿ ಇಲಿಗಳ ಕಾಟವಿದ್ದುದರಿಂದ ರುದ್ರಾಣಿಗೆ ಬೆಕ್ಕು ಸಾಕಲು ಅಪ್ಪಣೆ ಸಿಕ್ಕಿತ್ತು. ಬೂದಿ ಎಂಬ ದಪ್ಪನೆಯ ತಾಯಿಬೆಕ್ಕು, ಅದರ ಸಂತಾನ, ಎಲ್ಲ ಸೇರಿ ಏಳು. ದೊಡ್ಡ ಪರಾತದಲ್ಲಿ ಹಾಲು ಅನ್ನ ಕಲಸಿಟ್ಟರೆ ಏಳು ಮೂತಿಗಳೂ ಒಟ್ಟಿಗೇ ಇಳಿಯಬೇಕು. ಹಿಂದೆ ಸರಿದದ್ದನ್ನು ಅವಳೇ ಕುತ್ತಿಗೆ ಹಿಡಿದು ಒಳಗೆ ನೂಕುತ್ತಿದ್ದಳು. "ನನ್ನ ಸಾಲಿನಾಗೆ ಹಿಂದು ಮುಂದು ಇಲ್ಲ," ಎನ್ನುತ್ತಿದ್ದಳು. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದ ಜಾಗ ಅದೊಂದೇ.

ಎಂಬತ್ತೈದನೇ ಇಸವಿಯಲ್ಲಿ ಕರಿ ಗಂಡುಬೆಕ್ಕು ಅನ್ನ ಬಿಟ್ಟಿತು. ಅದರ ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡು, ಒಂದು ಬೆಳಿಗ್ಗೆ ಚೀಲಗಳ ಸಂದಿಯಲ್ಲಿ ಸತ್ತು ಬಿದ್ದಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ಇನ್ನೊಂದು ಹೋಯಿತು. ಉಡಚಮ್ಮ ಓಣಿಗೆಲ್ಲ ಕೇಳುವಂತೆ ಅಂದಳು:

"ಬಂಜೆ ಕೈಯ ಅನ್ನ ಬೆಕ್ಕಿಗೂ ಹತ್ತಲಿಲ್ಲ ನೋಡ್ರಿ."

ಆ ಮಾತು ರುದ್ರಾಣಿಯ ಕರುಳಿಗೇ ಹೊಕ್ಕಿತು. ಉಳಿದವನ್ನಾದರೂ ಉಳಿಸಿಕೊಂಡು ತನ್ನ ಕೈ ಕೆಟ್ಟದ್ದಲ್ಲ ಎಂದು ತೋರಿಸಲೇಬೇಕು ಎಂಬ ಹಟ ಹುಟ್ಟಿತು. ಮೂರನೆಯದು ನಿತ್ರಾಣವಾದಾಗ ಅದನ್ನು ಬುಟ್ಟಿಯಲ್ಲಿಟ್ಟು, ಮೇಲೆ ಸೀರೆ ತುಂಡು ಕಟ್ಟಿ, ಚನ್ನಗಿರಿಯ ಬಸ್ಸು ಹತ್ತಿದಳು. ದನದ ಆಸ್ಪತ್ರೆಯಲ್ಲಿ ಎಮ್ಮೆ ಹಿಡಿದು ನಿಂತವರು ಬುಟ್ಟಿ ನೋಡಿ ಮುಸಿಮುಸಿ ನಕ್ಕರು. ಡಾಕ್ಟರ್ ಮಹೇಶ್ವರಪ್ಪ ನಗಲಿಲ್ಲ. ಬೆಕ್ಕಿನ ಬಾಯಿ ಬಿಡಿಸಿ ನೋಡಿ, ಕುತ್ತಿಗೆ ಸವರಿ, ನಿಟ್ಟುಸಿರುಬಿಟ್ಟರು.

"ಇದು ಬೆಕ್ಕಿನ ರಕ್ತದ ಕ್ಯಾನ್ಸರ್ ಇದ್ದಂಗೆ ಕಾಣ್ತೈತೆ ಅಮ್ಮ. ಒಂದು ವೈರಸ್‌ನಿಂದ ಬರ್ತೈತೆ. ಖಾತ್ರಿ ಮಾಡಾಕೆ ರಕ್ತ ಪರೀಕ್ಷೆ ಆಗ್ಬೇಕು, ಅದು ಈ ಕಡೆ ಎಲ್ಲೂ ಇಲ್ಲ. ಅದರಾಗೆ ಮೂರು ತಳಿ ಅದಾವೆ. ಬೆಕ್ಕಿಂದ ಬೆಕ್ಕಿಗೆ ದಾಟೋದು ಒಂದೇ. ಕೆಲವು ಬೆಕ್ಕಿನ ಮೈಯಾಗೆ ಅದು ವೇಷ ಬದಲಿಸಿ ಇನ್ನೆರಡು ಆಗ್ತೈತೆ. ಒಂದು ಗಂಟು ಕಟ್ಟಿಸ್ತೈತೆ, ಇನ್ನೊಂದು ರಕ್ತಾನೇ ಬತ್ತಿಸ್ತೈತೆ."

"ಔಷಧ ಏನೈತೆ ಹೇಳ್ರಿ ಸಾರ್. ಎಷ್ಟಾದ್ರೂ ಆಗ್ಲಿ."

"ಅದನ್ನ ಕೊಲ್ಲೋ ಔಷಧ ಯಾರ ಹತ್ರಾನೂ ಇಲ್ಲ. ಅಮೆರಿಕದಾಗೆ ಈಚೆಗೆ ಲಸಿಕೆ ಬಂದೈತಂತೆ, ಅದೂ ರೋಗ ಹತ್ತದ ಬೆಕ್ಕಿಗೆ. ನಾನು ಕೊಡೋ ಇಂಜೆಕ್ಷನ್, ಟಾನಿಕ್ ಎಲ್ಲ ನಾಕು ದಿನ ಹಸಿವು ಹುಟ್ಟಿಸಾಕೆ ಅಷ್ಟೇ. ಕೆಲವು ತಾವೇ ಗೆದ್ದು ಬರ್ತಾವೆ. ಮನುಷ್ಯರಿಗೆ ಹತ್ತಲ್ಲ, ಹೆದರಬ್ಯಾಡ್ರಿ. ಬೆಕ್ಕಿಗೆ ಮಾತ್ರ ಎಂಜಲಿಂದ ಹತ್ತುತ್ತೆ. ನೀವು ಹೆಂಗೆ ಇಕ್ತೀರಿ ಅವಕ್ಕೆ?"

ರುದ್ರಾಣಿ ಬೆಕ್ಕನ್ನು ಮಡಿಲಿಗೆ ಎಳೆದುಕೊಂಡಳು. "ಒಂದೇ ಪರಾತದಾಗೆ ಸಾರ್," ಎಂದಳು.

"ಎಲ್ಲಾನೂ ಬೇರೆ ಬೇರೆ ಇಡ್ರಿ. ಮೈ ನೋಡಿ ತೀರ್ಮಾನ ಮಾಡಬ್ಯಾಡ್ರಿ. ದಪ್ಪಗಿರೋದರ ಒಳಗೂ ಅದು ಕೂತಿರ್ತೈತೆ." ಹೊರಡುವಾಗ ಜಂತುಹುಳದ ಪುಡಿಯನ್ನೂ ಕೊಟ್ಟರು.

ಬುಟ್ಟಿಯ ಬೆಕ್ಕು ವಾರ ಕಳೆಯುವುದರೊಳಗೆ ಸತ್ತಿತು. ಉಳಿದ ನಾಲ್ಕನ್ನು ಬೇರೆ ಬೇರೆ ಇಡಲು ಆ ಮನೆಯಲ್ಲಿ ಜಾಗವಾದರೂ ಎಲ್ಲಿತ್ತು? ಸಿಕ್ಕಿದ್ದು ಹಿತ್ತಲಿನ ಸೌದೆ ಕೊಟ್ಟಿಗೆಯೊಂದೇ. ಯಾವುದನ್ನು ಹೊರಗಿಡುವುದು? ಬೂದಿ ಅವಳ ಮಡಿಲಲ್ಲಿ ಗೊರಗುಡುತ್ತ ಮಲಗಿತ್ತು, ಮೈ ತುಂಬಿಕೊಂಡಿತ್ತು. ಎಲುಬು ಎಣಿಸುವಂತಿದ್ದದ್ದು ಅದರ ಮರಿ ಪೀಚ. ಡಾಕ್ಟರ ಮಾತು ಕಿವಿಯಲ್ಲಿದ್ದರೂ ಕಣ್ಣು ತನಗೆ ಬೇಕಾದ್ದನ್ನೇ ಕಂಡಿತು. ಪೀಚನನ್ನು ಎತ್ತಿ ಕೊಟ್ಟಿಗೆಗೆ ಹಾಕಿ ಅಗಳಿ ಜಡಿದಳು. ದಿನವೂ ಬೇರೆ ತಟ್ಟೆಯಲ್ಲಿ ಅನ್ನ ಇಟ್ಟು, ಪುಡಿ ಕಲಸಿ, ಮುಖ ತಿರುಗಿಸಿಕೊಂಡು ಬರುತ್ತಿದ್ದಳು. ಅದು ಬಾಗಿಲು ಕೆರೆಯುತ್ತ ಕೂಗುತ್ತಿತ್ತು. ಒಳಗೆ ಒಲೆ ಊದುತ್ತ ಅವಳು ಅಳುತ್ತಿದ್ದಳು, ಹೊಗೆ ಎಂದು ಹೇಳಿಕೊಳ್ಳುತ್ತಿದ್ದಳು.

ಮರುವರ್ಷದ ಹೊತ್ತಿಗೆ ಒಳಗಿದ್ದ ಮೂರರಲ್ಲಿ ಎರಡು ಸತ್ತವು. ಕೊನೆಗೆ ಬೂದಿಯ ಹೊಟ್ಟೆಯಲ್ಲಿ ಗಂಟು ಕೈಗೆ ಸಿಕ್ಕಿತು. ಅವಳ ಮಡಿಲಲ್ಲೇ ಅದು ಪ್ರಾಣ ಬಿಟ್ಟಿತು. ಊರಿಗೆ ಯಾರದೋ ಎಮ್ಮೆ ನೋಡಲು ಬಂದಿದ್ದ ಮಹೇಶ್ವರಪ್ಪ ಕೊಟ್ಟಿಗೆಯಲ್ಲಿ ದುಂಡಗಾಗಿದ್ದ ಪೀಚನನ್ನು ನೋಡಿ, ಇದಕ್ಕಿದ್ದದ್ದು ಹೊಟ್ಟೆಹುಳ ಅಷ್ಟೇ ಎಂದರು. ಮೊದಲಿಂದ ರೋಗ ಹೊತ್ತು ಹಂಚಿದ್ದು ತಾಯಿಯೇ ಇರಬೇಕು ಎಂದರು. ರುದ್ರಾಣಿ ಅಗಳಿ ತೆಗೆದಳು. ಪೀಚ ಅವಳ ಕಾಲ ಸಂದಿಯಿಂದಲೇ ನುಸುಳಿ ಗೋಡೆ ಹತ್ತಿತು.

ಅಂದು ಜಗಲಿಯಲ್ಲಿ ಕೂತಿದ್ದ ಉಡಚಮ್ಮ ಗೆದ್ದವಳ ಠೀವಿಯಲ್ಲಿ ಸೊಸೆಯನ್ನು ಕರೆದಳು.

"ನೋಡಿದ್ಯೇನೆ? ಬೇರೆ ಇಟ್ಟಿದ್ದೊಂದೇ ಉಳೀತು. ಹಿರೇರು ಸುಮ್ನೆ ಮಾಡಿರ್ತಾರಾ? ನಿನ್ನ ಬೇರೆ ಇಟ್ಟಿದ್ದೂ ಮನೆ ಉಳೀಲಿ ಅಂತಾನೇ."

ಬಂದ ದಿನದಿಂದ ಎದುರಾಡದ ರುದ್ರಾಣಿ ಅತ್ತೆಯ ಮುಖವನ್ನೇ ನೋಡಿದಳು.

"ಪೀಚಂಗೆ ರೋಗ ಇರ್ಲಿಲ್ಲ ಅತ್ತೆ. ನಂಗೂ ಇರ್ಲಿಲ್ಲ."

ಉಡಚಮ್ಮ ಅಡಿಕೆ ಅಗಿಯುತ್ತಲೇ ಇದ್ದಳು. ಅಲ್ಲೇ ಇದ್ದ ಜಯದೇವಪ್ಪ ತಕ್ಕಡಿಯ ಹಗ್ಗ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದ. ರುದ್ರಾಣಿ ಹಿತ್ತಲಿಗೆ ಹೋಗಿ, ಗೋಡೆಯ ಮೇಲಿದ್ದ ಪೀಚನಿಗೆ ಕೈ ಚಾಚಿ ಕರೆದಳು. ಅದು ಅವಳನ್ನು ಒಮ್ಮೆ ನೋಡಿ, ಪಕ್ಕದ ಮನೆಯ ಕಡೆ ಹಾರಿತು. ಅಗಳಿ ಜಡಿದದ್ದೂ ಇದೇ ಕೈ ಎಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.