ಪ್ರಶಸ್ತಿ ಸಮಾರಂಭದ ಹೊತ್ತಿಗೆ ಬಂದ ಗಂಡಿನವರು

ಅಕ್ಕನನ್ನು ನೋಡಲು ಮಳವಳ್ಳಿಯಿಂದ ಗಂಡಿನವರು ಬಂದ ಸಂಜೆ ಮದ್ದೂರಿನ ನಮ್ಮ ಮನೆಯಲ್ಲಿ ಟಿ.ವಿ. ಹಾಕಿದ್ದರು. ಧಾರಾವಾಹಿಗಳಿಗೆ ವರ್ಷಕ್ಕೊಮ್ಮೆ ಪ್ರಶಸ್ತಿ ಹಂಚುವ ಸಮಾರಂಭ, ದೇಶಕ್ಕೆಲ್ಲ ಒಂದೇ. ನಮ್ಮಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಅವರು ನಕ್ಕಾಗ ನಾವೂ ನಗುತ್ತಿದ್ದೆವು.

ನೆಂಟರು ನೋಡುತ್ತಿರುವಾಗ ಆರಿಸಿದರೆ ಅವಮಾನ ಮಾಡಿದಂತೆ ಎಂದು ಅಪ್ಪ ಸುಮ್ಮನಿದ್ದರು. ಮನೆಯವರು ಅಷ್ಟು ಆಸೆಯಿಂದ ಹಾಕಿರುವಾಗ ಹುಡುಗಿಯನ್ನು ಕರೆಯಿರಿ ಎನ್ನುವುದು ಹೇಗೆಂದು ಅವರೂ ಸುಮ್ಮನಿದ್ದರು. ಹಾಗೆಂದು ಈಗ ಊಹಿಸುತ್ತೇನೆ, ಅಂದು ಹೊಳೆದದ್ದಲ್ಲ.

“ಇನ್ನೊಂಚೂರು ತಡೀರಿ, ದೊಡ್ಡ ಪ್ರೈಜು ಈಗ ಬತ್ತದೆ,” ಎಂದರು ಅಪ್ಪ.

“ಬರ್ಲಿ ಬುಡಿ ಗೌಡ್ರೇ, ಅವ್ರಿಗಾದ್ರೂ ಬರ್ಲಿ,” ಎಂದರು ಗಂಡಿನ ಸೋದರಮಾವ.

ದೊಡ್ಡ ಪ್ರೈಜು ಬರುವ ಮೊದಲೇ ಮಳವಳ್ಳಿಯ ಕಡೇ ಬಸ್ಸಿನ ಹೊತ್ತಾಯಿತು. ಅವರು ಎದ್ದು ಹೋದರು. ಅಕ್ಕನನ್ನು ಯಾರೂ ಕರೆಯಲೇ ಇಲ್ಲ, ಅವಳು ಅಡುಗೆಮನೆಯಲ್ಲೇ ಉಳಿದಳು. ಕೆಲವು ದಿನದ ಮೇಲೆ ಸಂಬಂಧ ತಂದಿದ್ದವನು ಬಂದ.

“ಹೆಣ್ ತೋರ್ಸೋಕ್ ಕರ್ದಿದ್ರೋ, ಟೀವಿ ತೋರ್ಸೋಕ್ ಕರ್ದಿದ್ರೋ ಅಂತ ಕೇಳ್ತಾವ್ರೆ.”

“ಅವ್ರು ಆ ಪೆಟ್ಟಿಗೆಯಿಂದ ಕಣ್ ಕಿತ್ತಿದ್ರಾ, ಕೇಳ್ಕಂಡ್ ಬಾ ಓಗು,” ಎಂದರು ಅಪ್ಪ.

ಅಲ್ಲಿಗೆ ಮುಗಿಯಿತು. ಆಮೇಲೆ ಬಂದ ಸಂಬಂಧಗಳೂ ತಪ್ಪಿ, ಕೊನೆಗೆ ಅಕ್ಕನನ್ನು ಯಲಿಯೂರಿನಲ್ಲಿ, ಹೆಂಡತಿ ಸತ್ತು ಮಕ್ಕಳಿದ್ದ ಒಬ್ಬರಿಗೆ ಕೊಟ್ಟರು. ಆ ಮಕ್ಕಳು ಇವತ್ತಿಗೂ ಅವಳನ್ನು ಅಮ್ಮ ಎನ್ನುವುದಿಲ್ಲ.

ಈ ಕಥೆಯನ್ನು ಅಪ್ಪನನ್ನು ಹಳಿಯಲೆಂದೇ ನಾನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ಆಧಾರವಿಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಅಪ್ಪನ ದೇವರಿಗೆ, ಊರಿನವರ ಶಕುನಕ್ಕೆ ಆಧಾರ ಕೇಳಿದ್ದೇನೆ. ನನ್ನ ನೆನಪಿಗೆ ಮಾತ್ರ ಕೇಳಿರಲಿಲ್ಲ. ಮೊನ್ನೆ ಯಲಿಯೂರಿಗೆ ಹೋದಾಗ, ಅಕ್ಕ ಕೊಟ್ಟ ಕಾಫಿ ಮುಂದಿಟ್ಟುಕೊಂಡು ಅದೇ ಕಥೆಯನ್ನು ಅವಳೆದುರೇ ಹೇಳಿದೆ.

“ನಾನ್ ಬರ್ನಿಲ್ಲ ಅಂತ ಯಾರ್ಲಾ ಹೇಳಿದ್ದು?” ಎಂದಳು. “ಕಾಪಿ ತಂದ್ಕೊಟ್ನಲ್ಲ. ಗಂಡು ಲೋಟ ಈಸ್ಕಂಡ, ಮೊಕ ಎತ್ನಿಲ್ಲ. ಅಪ್ಪನೂ ಎತ್ನಿಲ್ಲ. ನಿಂಗೂ ಕೊಟ್ಟೆ ಕಣ್ಲಾ.”

“ಇಲ್ಲಕ್ಕ, ನಂಗೆ ಎಲ್ಲಾ ನೆನಪದೆ. ಒಬ್ಳು ಎಲೆಹಸಿರು ಸೀರೆ ಉಟ್ಕಂಡು, ಕೆಂಪಂಚು, ತಲೆ ತಗ್ಗಿಸ್ಕಂಡು ಬಂದು ಪ್ರಶಸ್ತಿ ಈಸ್ಕಂಡು ಹೋದ್ಲು. ಅಷ್ಟು ಚೆನ್ನಾಗಿ ನೆನಪದೆ.”

ಅಕ್ಕ ನಕ್ಕಳು. “ನಮ್ದು ಕಪ್ಪು ಬಿಳುಪು ಟೀವಿ. ಅದ್ರಲ್ಲಿ ಹಸ್ರು ಎಲ್ಲಿತ್ಲಾ, ಓದ್ದೋನೇ?”

ಅಂದು ನೀನು ಯಾವ ಸೀರೆ ಉಟ್ಟಿದ್ದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ವರ್ಷದ ಸಮಾರಂಭವನ್ನು ಯಾರಾದರೂ ಹಾಕಿರಬಹುದೇನೋ ಎಂದು ಫೋನಿನಲ್ಲಿ ಹುಡುಕತೊಡಗಿದೆ. ಸಿಗಲಿಲ್ಲ. ತಲೆ ಎತ್ತಿದಾಗ ನನ್ನ ಮುಂದಿದ್ದ ಕಾಫಿ ಲೋಟ ಇರಲಿಲ್ಲ, ಅಕ್ಕನೂ ಇರಲಿಲ್ಲ.